ಗೆರಟೆ ಸದ್ದಿಗೆ ಬರುವ ಮೀನು

ಕಡಹಿನಬೈಲಿನಿಂದ ಹಿನ್ನೀರಿನ ಕಡೆಗೆ ಇಳಿಯುವ ಮಣ್ಣು ರಸ್ತೆ ಮುಗಿಯುವಲ್ಲಿ ಹಳೆಯ ಮೀನುಮರಿ ಫಾರಂ. ಗೇಟಿನ ಬೋರ್ಡಿಗೆ ತುಕ್ಕು ಹಿಡಿದು ಅಕ್ಷರಗಳು ಉದುರಿ ಎಷ್ಟೋ ಮಳೆಗಾಲ ಕಳೆದಿದ್ದವು. ಅದರಿಂದ ಯಾರಿಗೂ ನಷ್ಟವಾಗಿರಲಿಲ್ಲ. ದಿನಾ ಬೆಳಿಗ್ಗೆ ಆ ಗೇಟು ದಾಟುತ್ತಿದ್ದವಳು ಯಲ್ಲಕ್ಕ ಒಬ್ಬಳೇ, ಅವಳಿಗೆ ಓದಲು ಬರುತ್ತಿರಲಿಲ್ಲ.

ಸೆರಗಿನಲ್ಲಿ ಅಕ್ಕಿ ತೌಡು, ಕೈಯಲ್ಲಿ ಒಂದು ತೆಂಗಿನ ಗೆರಟೆ. ತಾಯಿ ಮೀನಿನ ಕೆರೆಯ ಕೊನೆಯ ಮೆಟ್ಟಿಲಿಗೆ ಇಳಿದು, ಕುಕ್ಕರಗಾಲಲ್ಲಿ ಕೂತು, ಗೆರಟೆಯಿಂದ ಕಲ್ಲಿಗೆ ಬಡಿಯುವಳು. ಟಕ್ಕಟಕ್, ಟಕ್. ಟಕ್ಕಟಕ್, ಟಕ್. ನಡುಕೆರೆಯ ಕಪ್ಪು ನೀರು ಒಮ್ಮೆ ಮೈ ಮುರಿದಂತೆ ಅಲುಗುವುದು. ಆಮೇಲೆ ಒಂದೊಂದೇ ಬೆನ್ನು ಕಾಣುವುದು. ಎಲ್ಲಕ್ಕಿಂತ ಮುಂದೆ ಸೊಟ್ಟಬಾಯಿ. ಅದು ಮರಿಯಾಗಿದ್ದಾಗ ಬಲೆಯ ಹಗ್ಗಕ್ಕೆ ಸಿಕ್ಕಿ ದವಡೆ ಒಂದು ಬದಿಗೆ ವಾಲಿದ ಕಾಟ್ಲಾ ಮೀನು, ಈಗ ಅದರ ತಲೆಯೇ ಕೊಳಗದಷ್ಟು. ಹಿಂದೆ ಉಳಿದ ಕಾಟ್ಲಾಗಳು, ರೋಹುಗಳು. ಎಲ್ಲಕ್ಕಿಂತ ಕೊನೆಗೆ, ಕೆಂಪು ರೆಕ್ಕೆಯ ಒಂದು ರೋಹು. ಅದು ಬೇರೆಯವರ ಹೊಟ್ಟೆಯಡಿಯಿಂದ ನುಸುಳಿ ಒಂದು ಬಾಯಿ ತೌಡು ಎಳೆದುಕೊಂಡು ಓಡುತ್ತಿತ್ತು. ಯಲ್ಲಕ್ಕ ಅದಕ್ಕೆ ಕಳ್ಳಿ ಎಂದು ಹೆಸರಿಟ್ಟಿದ್ದಳು.

ಫಾರಂ ಕಟ್ಟಿದಾಗ ಯಲ್ಲಕ್ಕ ಇನ್ನೂ ಲಂಗ ಉಡುವ ಹುಡುಗಿ. ಭದ್ರೆಯ ಹಿನ್ನೀರು ಬಂದು ಗದ್ದೆಗಳು ಮುಳುಗಿದ ಮೇಲೆ, ಇಷ್ಟು ನೀರಿದೆಯಲ್ಲ, ಮೀನಾದರೂ ಬೆಳೆಯಲಿ ಎಂದು ಯಾರೋ ದೊಡ್ಡವರಿಗೆ ಅನ್ನಿಸಿತಂತೆ. ಅವಳ ಅವ್ವ ಕಲ್ಲು ಹೊತ್ತಳು, ಅವಳು ಮಣ್ಣು ಹೊತ್ತಳು. ಏರಿ ಎದ್ದಿತು, ಸಣ್ಣ ತೊಟ್ಟಿಗಳು ಎದ್ದವು, ಗುಡ್ಡದ ಹಳ್ಳದಿಂದ ಕಾಲುವೆ ಬಂತು. ಮಳೆ ಹಿಡಿದ ಕೂಡಲೇ ತಾಯಿ ಮೀನನ್ನು ಬಟ್ಟೆಯ ತೊಟ್ಟಿಲಿನಂಥದರಲ್ಲಿ ಮಲಗಿಸಿ, ಮೊಟ್ಟೆ ಇಡಿಸಲು ಮದ್ದಿನ ಸೂಜಿ ಚುಚ್ಚುವರು. ಬೆಳಗಾಗುವಷ್ಟರಲ್ಲಿ ನೀರು ತುಂಬ ಮೊಟ್ಟೆ, ನೆನೆಸಿಟ್ಟ ಸಾಬಕ್ಕಿಯ ಹಾಗೆ ಉಬ್ಬಿ ಹೊಳೆಯುವವು.

ಅದಕ್ಕೇ ಫಾರಂ ಕೆಲಸದವರ ಮನೆಗಳಲ್ಲಿ ಒಂದು ಕಟ್ಟು ಬೆಳೆಯಿತು. ಮುಂಗಾರಿನ ಮೊದಲ ಗುಡುಗು ಕೇಳಿದ ದಿನದಿಂದ ಮರಿ ಒಡೆದು ಮುಗಿಯುವವರೆಗೆ ಯಾರ ಮನೆಯಲ್ಲೂ ಸಾಬಕ್ಕಿ ಪಾಯಸ ಮಾಡುವಂತಿಲ್ಲ. ತಾಯಿ ಕೆರೆಯ ಮೀನನ್ನಂತೂ ಯಾವ ಕಾಲಕ್ಕೂ ತಿನ್ನುವಂತಿಲ್ಲ. ಇದನ್ನು ಯಾವ ಸಾಹೇಬರೂ ಹೇಳಿದ್ದಲ್ಲ. ಹೂವಪ್ಪನಂತೂ ತನ್ನ ಮದುವೆ ಆ ಕಾಲಕ್ಕೇ ಬಿದ್ದಾಗ, ಬೀಗರು ಮಾಡಿಸಿದ್ದ ಸಾಬಕ್ಕಿ ಪಾಯಸದ ಹಂಡೆಯನ್ನು ಚಪ್ಪರದಿಂದ ಹೊರಗೆ ಇಳಿಸಿ, ಶಾವಿಗೆ ಮಾಡಿಸಿದ್ದ. ಹೆಂಡತಿ ಸರೋಜ ಇವತ್ತಿಗೂ ಅದನ್ನು ಆಡಿಕೊಂಡು ನಗುತ್ತಾಳೆ.

ಹೂವಪ್ಪ ಫಾರಮ್ಮಿನ ಕಾವಲುಗಾರ. ಎರಡು ಗದ್ದೆ, ನಾಲ್ಕು ಅಡಿಕೆ ಮರ ಇದ್ದವನು, ವಯಸ್ಸಿನಲ್ಲಿ ಯಲ್ಲಕ್ಕನಿಗಿಂತ ಚಿಕ್ಕವನು. ಗೆರಟೆ ಬಡಿದು ಮೀನು ಕರೆಯುವುದನ್ನು ಅವನಿಗೆ ಕಲಿಸಿದವಳೂ ಅವಳೇ. ಮರಿ ಹೊತ್ತು ಊರೂರಿಗೆ ಹೋಗುವಾಗ ಇಬ್ಬರೂ ಜೊತೆ. ಆಗ ಪ್ಲಾಸ್ಟಿಕ್ ಚೀಲಕ್ಕೆ ಗಾಳಿ ತುಂಬುವುದು ಬಂದಿರಲಿಲ್ಲ. ತಗಡಿನ ಡಬ್ಬಿಯಲ್ಲಿ ಮರಿ, ಆ ಡಬ್ಬಿಯ ನೀರನ್ನು, ಗಾಳಿ ಸೇರಲೆಂದು, ದಾರಿಯುದ್ದಕ್ಕೂ ಅಂಗೈಯಿಂದ ತಟ್ಟುತ್ತಲೇ ಇರಬೇಕು. ಕೈ ನಿಂತರೆ ನೀರು ಸತ್ತಿತು, ನೀರು ಸತ್ತರೆ ಮರಿ ಸತ್ತವು. ತಲೆಯ ಮೇಲೆ ಹೊತ್ತರೆ ನಡಿಗೆಯ ಕುಲುಕೇ ಸಾಕು, ಆದರೆ ಎಲ್ಲೂ ಇಳಿಸುವಂತಿಲ್ಲ. ಕೊಪ್ಪದ ಬಸ್ಸಿನಲ್ಲಿ ಕಂಡಕ್ಟರು ಕೂಗುವನು: "ಯಲ್ಲಕ್ಕಾ, ನಿಂಗೊಂದು ಟಿಕೆಟ್ ಆಯ್ತು. ಈ ಮಕ್ಕಳು ಮರಿಗಳಿಗೆ ಯಾರು ತಗೊಳ್ತಾರೆ?"

"ಅವಕ್ಕೆ ಅಪ್ಪ ನೀನೇ ಅಂತ ಬರ್ಕೊ ಮಾರಾಯ, ಅರ್ಧ ಟಿಕೆಟ್ ಆಗ್ತದೆ," ಎನ್ನುವಳು ಯಲ್ಲಕ್ಕ, ಕೈ ನಿಲ್ಲಿಸದೆ. ಬಸ್ಸು ಬಸ್ಸೇ ನಗುವುದು.

ಕಮ್ಮರಡಿಯ ಗದ್ದೆಬದಿಯ ಕೆರೆಗೆ, ಶೃಂಗೇರಿ ದಾಟಿ ಕಿಗ್ಗದ ತೋಟದ ಹೊಂಡಗಳಿಗೆ, ಎಲ್ಲೆಲ್ಲಿಗೆ ಅವಳ ಕೈಯಿಂದ ಮರಿ ಹೋದವೋ ಲೆಕ್ಕವಿಲ್ಲ.

ಆಮೇಲೆ ಹೊರಗಿನ ಮರಿ ಲಾರಿಯಲ್ಲಿ ಬರತೊಡಗಿತು. ಫಾರಂ ಮುಚ್ಚಿದರು. ತೊಟ್ಟಿಗಳನ್ನು ಬರಿದು ಮಾಡಿದರು. ತಾಯಿ ಕೆರೆಯನ್ನು ಮಾತ್ರ ಬರಿದು ಮಾಡಲಾಗಲಿಲ್ಲ. ಅದರ ತಳದಲ್ಲಿ ಹಳೆಯ ಕಾಡಿನ ಮರದ ಬೊಡ್ಡೆಗಳು ಹಾಗೇ ನಿಂತಿದ್ದವು. ಬಲೆ ಎಳೆದರೆ ಬೊಡ್ಡೆಗೆ ಸಿಕ್ಕಿ ಹರಿಯುವುದು, ಮೀನು ಸಂದಿಯಲ್ಲಿ ಕೂತು ಬಿಡುವುದು. ಇರಲಿ ಬಿಡು ಎಂದು ಬಂದವರು ಹೋದರು. ಕೀಲಿ ಹೂವಪ್ಪನ ಹತ್ತಿರ ಉಳಿಯಿತು, ಮೀನು ಯಲ್ಲಕ್ಕನ ಹತ್ತಿರ ಉಳಿದವು. ಮುಂಗಾರಿನ ಮೊದಲ ಹನಿಗೆ ಇಬ್ಬರೂ ಸೇರಿ ಕೆರೆಯ ಕೋಡಿಗೆ ಬಿದಿರಿನ ತಡಿಕೆ ಕಟ್ಟುವರು, ತುಂಬಿದ ನೀರಿನ ಜೊತೆ ತಾಯಂದಿರು ಹಿನ್ನೀರಿಗೆ ಜಾರಿ ಹೋಗದಿರಲಿ ಎಂದು. ಅವು ಇದ್ದರೆ ಫಾರಂ ಇದ್ದಂತೆ. ಒಂದಲ್ಲ ಒಂದು ದಿನ ಮತ್ತೆ ಯಾರಾದರೂ ಸೂಜಿ ಹಿಡಿದು ಬರುತ್ತಾರೆ ಎಂದು ಯಲ್ಲಕ್ಕ ನಂಬಿದ್ದಳು.

ಹಾಗಾಗಿ ಈ ಬೇಸಗೆಯಲ್ಲಿ ಹೂವಪ್ಪ ಬಂದು, "ಯಲ್ಲಕ್ಕ, ಫಾರಂ ಉಳಿತು ಕಣೆ," ಎಂದಾಗ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಇಷ್ಟು ತಡವಾಯಿತಲ್ಲ ಎನಿಸಿತು, ಅಷ್ಟೇ.

"ಯಾರು ಬತ್ತಾರೆ? ಸಾಹೇಬ್ರಾ?"

"ಸಾಹೇಬ್ರಲ್ಲ. ನಮ್ಮ ಧರ್ಮೇಶ. ಅಣ್ಣನ ಮಗ. ಉಳಿಸೋ ಸಮಿತಿ ಅಂತ ಮಾಡಿದಾನೆ. ಗೋಡೆ ಕಟ್ಟೋದು, ಬಣ್ಣ ಬಳಿಯೋದು, ಹಳೇ ಡಬ್ಬಿ ಬಲೆ ಎಲ್ಲ ಒಂದು ರೂಮಲ್ಲಿ ಇಡೋದು. ಶೃಂಗೇರಿಗೆ ಹೋಗೋ ಜನ ಇಲ್ಲಿ ಇಳಿದು ನೋಡ್ಕೊಂಡು ಹೋಗ್ತಾರಂತೆ."

"ಮೀನು?"

"ಮೀನಿಲ್ದೆ ಮೀನು ಫಾರಂ ಆಗ್ತದಾ ಮಾರಾಯ್ತಿ?" ಎಂದು ಹೂವಪ್ಪ ನಕ್ಕ. ಆ ನಗು ನೋಡಿಯೇ ಅವಳು ಒಪ್ಪಿದ್ದು.

ಸಮಾರಂಭದ ಹಿಂದಿನ ದಿನ ಬೆಳಿಗ್ಗೆ ಅವಳು ಹೋದಾಗ ಗೇಟಿಗೆ ಹಸಿರು ಬಣ್ಣ ಬಂದಿತ್ತು. ಕೆರೆಯ ಮೆಟ್ಟಿಲ ಎರಡೂ ಬದಿಗೆ ಬಲೆ ಹಿಡಿದ ಗಂಡಸರು ನಿಂತಿದ್ದರು. ಬಿಳಿ ಅಂಗಿಯ ಧರ್ಮೇಶ್ ಫೋನು ಕಿವಿಯಿಂದ ತೆಗೆದು, "ಬನ್ನಿ ಅಜ್ಜಿ, ನಿಮಗೇ ಕಾಯ್ತಾ ಇದ್ವಿ," ಎಂದ.

ಹೂವಪ್ಪ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ: "ಕೆರೆ ಹೂಳು ತೆಗಿಬೇಕು. ಅಲ್ಲಿವರೆಗೆ ತಾಯಿಗಳನ್ನ ಹಿಂದಿನ ತೊಟ್ಟಿಗೆ ಹಾಕೋದು. ನಡುಕೆರೇಲಿ ಬಲೆ ನಡೆಯಲ್ಲ, ನಿಂಗೆ ಗೊತ್ತಲ್ಲ. ಮೆಟ್ಟಿಲ ಹತ್ರ ಬಂದ್ರೆ ಆಗ್ತದೆ."

"ನೀನೇ ಬಡಿ. ನಿಂಗೂ ಬತ್ತದಲ್ಲ."

"ನಾನು ಬಡಿದ್ರೆ ಎರಡು ಬತ್ತವೆ. ನೀನು ಬಡಿದ್ರೆ ಅಷ್ಟೂ ಬತ್ತವೆ."

ಅವಳು ಹಿಂದಿನ ತೊಟ್ಟಿಯನ್ನು ಹೋಗಿ ನೋಡಲಿಲ್ಲ. ಹೂವಪ್ಪ ತೊಟ್ಟಿ ಎಂದ ಮೇಲೆ ತೊಟ್ಟಿಯಲ್ಲಿ ನೀರಿರುತ್ತದೆ. ಅವರಿಬ್ಬರ ನಡುವೆ ಇಷ್ಟು ಕಾಲವೂ ಹಾಗೇ ನಡೆದುಬಂದಿತ್ತು. ಅವಳು ಕೂತು ಬಡಿದಳು. ಟಕ್ಕಟಕ್, ಟಕ್.

ಬಂದವು. ಸೊಟ್ಟಬಾಯಿ ಮೊದಲು ಬಂದಿತು, ಯಾವತ್ತಿನ ಹಾಗೆ ಅವಳ ಕಾಲ ಬೆರಳಿನವರೆಗೆ. ಬೇಸಗೆ ಮುಗಿಯುತ್ತಿದ್ದ ಹೊತ್ತು, ಮೊಟ್ಟೆ ಕಟ್ಟಿ ಹೊಟ್ಟೆಗಳು ತುಂಬಿ ನಿಂತಿದ್ದವು. ಎರಡು ಕಡೆಯ ಬಲೆ ಕೂಡಿತು. ನೀರು ಕುದಿದಂತೆ ಆಯಿತು. ಬಾಲದ ಏಟಿಗೆ ಅವಳ ಸೀರೆಯೆಲ್ಲ ಒದ್ದೆ. "ಮೆಲ್ಲಗೆ ಮಾರಾಯ್ರೆ, ಹೊಟ್ಟೇಲಿದ್ದಾವೆ," ಎಂದು ಅವಳು ಕೂಗಿದಳು. ಗಂಡಸರು ನಕ್ಕರು. ತಾನೂ ಒಂದನ್ನು ಎತ್ತಿಕೊಡುತ್ತೇನೆ ಎಂದು ಎದ್ದಾಗ ಧರ್ಮೇಶ್ ಅಡ್ಡ ಬಂದ.

"ನೀವು ಯಾಕೆ ಅಜ್ಜಿ ಕೆಸರು ತುಳಿತೀರಿ. ಮನೆಗೆ ಹೋಗಿ. ನಾಳೆ ಒಳ್ಳೆ ಸೀರೆ ಉಟ್ಕೊಂಡು ಬನ್ನಿ, ನಿಮಗೆ ಸನ್ಮಾನ ಇದೆ."

ಹೂವಪ್ಪ ಬಲೆಯ ಹಗ್ಗ ಸುತ್ತುತ್ತಿದ್ದ. ಅವಳು "ಬತ್ತೀನಿ ಹೂವಪ್ಪ," ಎಂದರೂ ತಲೆ ಎತ್ತಲಿಲ್ಲ.

ಮರುದಿನ ಶಾಮಿಯಾನ, ಮೈಕು, ಕಾರುಗಳು. ಧರ್ಮೇಶ್ ಮಾತಾಡಿದ. ಈ ಕೇಂದ್ರ ನಮ್ಮ ಹಿರಿಯರ ಬೆವರು, ಇದನ್ನು ಉಳಿಸುವುದು ನಮ್ಮ ಕರ್ತವ್ಯ ಎಂದ. ಯಲ್ಲಕ್ಕನಿಗೆ ಶಾಲು ಹೊದಿಸಿದರು, ಹೂವಪ್ಪನಿಗೂ ಹೊದಿಸಿದರು. ತಾಯಿ ಕೆರೆಯ ಮೆಟ್ಟಿಲ ಪಕ್ಕ ನೆಟ್ಟಿದ್ದ ನುಣುಪು ಕಲ್ಲಿನ ಪರದೆ ಸರಿಸಿದರು. ಚಪ್ಪಾಳೆ ಬಿತ್ತು. ಯಲ್ಲಕ್ಕ ಕೆರೆಯನ್ನು ನೋಡಿದಳು. ನೀರು ಸುಮ್ಮನಿತ್ತು, ಕರೆದರೂ ಬರುವವರಿಲ್ಲದ ನೀರು. ಇರಲಿ, ನಾಲ್ಕು ದಿನ, ಎಂದುಕೊಂಡಳು.

ಊಟಕ್ಕೆ ಕೂರಿಸಿದರು. ಎದುರು ಸಾಲಿನಲ್ಲಿ ಹೂವಪ್ಪ. ಎಲೆಯ ತುದಿಗೆ ಬಡಿಸಿದ್ದನ್ನು ನೋಡಿ ಯಲ್ಲಕ್ಕನ ಕೈ ನಿಂತಿತು. ಸಾಬಕ್ಕಿ ಪಾಯಸ.

"ಹೂವಪ್ಪ, ಮೊನ್ನೆ ಗುಡುಗಿತಲ್ಲೋ. ಸಾಬಕ್ಕಿ ಮಾಡಿಸಿದ್ದೀರಲ್ಲ?"

"ಅಡುಗೆಯವರು ಹೊರಗಿನೋರು. ಈಗೆಲ್ಲ ಅದನ್ನ ಯಾರು ನೋಡ್ತಾರೆ, ಉಣ್ಣು," ಎಂದ ಹೂವಪ್ಪ. ಅವನ ಎಲೆಯ ಪಾಯಸ ಆಗಲೇ ಮುಗಿದಿತ್ತು.

ಅವಳು ಅದನ್ನೇ ನೋಡುತ್ತಿದ್ದಾಗ ಮೀನು ಸಾರಿನ ಬಕೆಟ್ಟು ಬಂತು. ಬಡಿಸುವವನು ಪಕ್ಕದ ಅತಿಥಿಗೆ ವಿಶೇಷ ಎಂದು ತಳದಿಂದ ಸೌಟು ಎತ್ತಿದ. ಸೌಟಿನ ತುಂಬ ಒಂದು ತಲೆ. ಖಾರದ ಕೆಂಪಿನಲ್ಲಿ ಮುಳುಗಿದ್ದರೂ ದವಡೆ ಒಂದು ಬದಿಗೆ ವಾಲಿದ್ದು ಕಾಣುತ್ತಿತ್ತು.

ಅತಿಥಿ ನಕ್ಕು, "ಅಬ್ಬಾ, ಇದಕ್ಕೆ ಎಷ್ಟು ವಯಸ್ಸಾಗಿತ್ತೋ!" ಎಂದರು.

ಯಲ್ಲಕ್ಕ ಎದ್ದಳು. ಎಲೆ ಮಡಚಲಿಲ್ಲ. ಎಂಜಲು ಕೈಯಲ್ಲೇ ಕಟ್ಟಡದ ಹಿಂದಕ್ಕೆ ನಡೆದಳು. ಹಿಂದಿನ ತೊಟ್ಟಿ ಒಣಗಿ ಬಿರುಕು ಬಿಟ್ಟಿತ್ತು. ಅದರಲ್ಲಿ ತರಗೆಲೆ, ಅದರ ಮೇಲೆ ಅಡುಗೆಯವರ ಖಾಲಿ ಕುಕ್ಕೆಗಳು. ಪಕ್ಕದ ಕಲ್ಲಿನ ಮೇಲೆ ಮೀನು ಹೆರೆದ ಪರೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಒಂದು ಮೂಲೆಯಲ್ಲಿ ಬಿಸಾಡಿದ ಮೊಟ್ಟೆಯ ಗೊಂಚಲು, ಅದಕ್ಕೆ ಇರುವೆ ಮುತ್ತಿತ್ತು.

ಹಿಂದಿನಿಂದ ಹೂವಪ್ಪ ಬಂದು ನಿಂತ.

"ನಾನು ಬೇಡ ಅಂದೆ ಯಲ್ಲಕ್ಕ. ಧರ್ಮೇಶ ಕೇಳ್ಬೇಕಲ್ಲ. ಕೆರೇಲಿ ಪೆಡಲ್ ಬೋಟು ಬಿಡ್ತಾನಂತೆ. ಹೂಳು ತೆಗೆದು ಬೊಡ್ಡೆ ಕಿತ್ರೆ ಮೀನು ಹೇಗೂ ಸಾಯೋವು ಅಂದ."

"ಹಂಗಂತ ನನ್ನ ಹತ್ರ ಹೇಳ್ಬಹುದಿತ್ತಲ್ಲೋ."

"ಹೇಳಿದ್ರೆ ನೀನು ಬಡಿತಿದ್ಯಾ?"

ಅವಳು ತಿರುಗಿ ಅವನ ಮುಖ ನೋಡಿದಳು. ಅವನು ಬಾಯಿ ತಪ್ಪಿ ಆಡಿದ್ದಲ್ಲ ಅದು. ಮೊದಲೇ ಯೋಚಿಸಿ ಇಟ್ಟುಕೊಂಡಿದ್ದ ಮಾತು. ಬಲೆ ಹಿಡಿದವರಿಗೆ ಯಲ್ಲಕ್ಕನನ್ನು ತೋರಿಸಿಕೊಟ್ಟವನು ಇವನೇ. ಗೆರಟೆಯ ಗುಟ್ಟು ಹೊರಗಿನ ಯಾರಿಗೆ ಗೊತ್ತಿತ್ತು?

"ಕಲ್ಲಿನ ಮೇಲೆ ಹೆಸರು ಹಾಕಿಸಿದಾನೆ," ಎಂದ ಹೂವಪ್ಪ, ಮಗುವಿಗೆ ಬೆಲ್ಲ ತೋರಿಸುವವನ ಹಾಗೆ. "ನಂದೂ ಇದೆ. ನಿಂದೂ ಇದೆ. ನೂರು ವರ್ಷ ಇರ್ತದೆ."

"ನಂಗೆ ಓದಾಕೆ ಬರಲ್ಲ ಅಂತ ಅವನಿಗೆ ಗೊತ್ತಿಲ್ಲ. ನಿಂಗೆ ಗೊತ್ತಿತ್ತು." ಅವಳು ಶಾಲು ತೆಗೆದು ಅವನ ಶಾಲಿನ ಮೇಲೆಯೇ ಹಾಕಿದಳು. "ಮೀನಿಗೂ ಓದಾಕೆ ಬರ್ತಿರಲಿಲ್ಲ ಹೂವಪ್ಪ. ಸದ್ದು ಒಂದು ಗೊತ್ತಿತ್ತು. ನನ್ನ ಸದ್ದು ಅಂತ ಬಂದ್ವು."

ಅವನು ಜಾರುತ್ತಿದ್ದ ಶಾಲು ಹಿಡಿದುಕೊಂಡ.

"ಅಷ್ಟೂ ಹೋದ್ವಾ?"

"ಒಂದು ತಪ್ಪಿಸ್ಕೊಂಡಿದೆ. ಆ ಕೆಂಪು ರೆಕ್ಕೇದು. ಬಲೆ ಕೂಡೋದ್ರೊಳಗೆ ಹಿಂದಕ್ಕೆ ಹೋಯ್ತು." ಹೂವಪ್ಪ ತಡೆದು, ಮತ್ತೆ ಹೇಳಿದ. "ಕಾರಹುಣ್ಣಿಮೆ ಕಳೆದ ಭಾನುವಾರ ಬೋಟಿನೋರು ಬರ್ತಾರೆ. ಅವರ ಊಟಕ್ಕೆ ಅದನ್ನ ಹಿಡಿಸ್ಬೇಕು ಅಂತಿದಾನೆ. ನಿನ್ನ ಕರೀತಾನೆ. ಬರಲ್ಲ ಅನ್ನು, ಅಷ್ಟೇ."

"ನಾನು ಬರಲ್ಲ ಅಂದ್ರೆ ನೀನು ಬಡಿತೀಯ," ಎಂದಳು ಯಲ್ಲಕ್ಕ.

ಹೂವಪ್ಪ ಎರಡೂ ಶಾಲು ಮಡಚತೊಡಗಿದ.

ಮಾರನೆಯ ಬೆಳಿಗ್ಗೆ ಅವಳು ಎಂದಿನ ಹೊತ್ತಿಗೇ ಹೊರಟಳು. ಸೆರಗಿನಲ್ಲಿ ತೌಡು, ಒಂದು ಕೈಯಲ್ಲಿ ಗೆರಟೆ, ಇನ್ನೊಂದು ಕೈಯಲ್ಲಿ ಉದ್ದದ ಬಿದಿರ ಗಳ. ಸನ್ಮಾನ ಆದವಳಲ್ಲವೇ, ಗೇಟಿಗೆ ಹೊಸದಾಗಿ ನಿಲ್ಲಿಸಿದ್ದ ಹುಡುಗರು ನಮಸ್ಕಾರ ಹಾಕಿ ಬಿಟ್ಟರು. ಮೆಟ್ಟಿಲಲ್ಲಿ ಕೂತು ಬಡಿದಳು. ನೀರು ಅಲುಗಲಿಲ್ಲ. ಬರುವುದಿಲ್ಲವೇನೋ, ಗೊತ್ತಾಗಿದೆಯೇನೋ ಎಂದು ಒಂದು ಗಳಿಗೆ ಅವಳ ಜೀವ ಹಗುರಾಯಿತು. ಅಷ್ಟರಲ್ಲಿ ಕಪ್ಪು ನೀರಿನಲ್ಲಿ ಒಂದು ಕೆಂಪು ಗೆರೆ. ಕಳ್ಳಿ ಬಂತು. ಯಾವತ್ತೂ ಹಿಂದೆ ಉಳಿಯುತ್ತಿದ್ದುದು ಇವತ್ತು ಒಂಟಿಯಾಗಿ, ನೇರವಾಗಿ ಅವಳ ಕಾಲ ಹತ್ತಿರ ಬಂದು ಬಾಯಿ ತೆರೆದು ನಿಂತಿತು.

ಅವಳ ಕೈ ಏಳಲಿಲ್ಲ. ತೌಡು ಹಾಕಿ ಸುಮ್ಮನೆ ಎದ್ದು ಬಂದಳು. ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು.

ಅದರ ಮರುದಿನ ಹೊಡೆದಳು. ಮೀನಿಗೆ ತಾಗದ ಹಾಗೆ, ಬೆನ್ನ ಮೇಲಿನ ನೀರಿಗೆ ಗಳ ಬಾರಿಸಿದಳು. ಕಳ್ಳಿ ಸುರುಳಿ ಸುತ್ತಿ ಓಡಿತು. ತೌಡು ಹಾಕಲಿಲ್ಲ. ಮತ್ತೊಂದು ದಿನ ಬಡಿದಾಗ ಅದು ಮತ್ತೆ ಬಂತು, ಈಗ ಒಂದು ಮಾರು ದೂರಕ್ಕೆ ನಿಂತು ನೋಡಿತು.

"ಬರಬೇಡ ಅಂದ್ರೆ ಗೊತ್ತಾಗಲ್ವ ನಿಂಗೆ, ಮುಂಡೇದೆ!" ಎಂದು ಯಲ್ಲಕ್ಕ ಗಳ ಬೀಸಿದಳು. ತುದಿ ಬೆನ್ನಿಗೆ ತಾಗಿತು. ಒಂದು ಪರೆ ಕಿತ್ತು ನೀರಿನ ಮೇಲೆ ತಿರುಗುತ್ತಾ ತೇಲಿತು. ಅದನ್ನು ಅವಳು ಎತ್ತಿಕೊಂಡು ಕಣ್ಣಿಗೆ ಒತ್ತಿಕೊಂಡಳು.

ಹೀಗೇ ದಿನ ಹೋದವು. ಕರೆಯುವುದು, ಹೊಡೆಯುವುದು. ಮೂಲೆಯ ಅಂಗಡಿಯ ಮುಂದೆ ಜನ, ಮುದುಕಿಗೆ ತಲೆ ಕೆಟ್ಟಿದೆ, ನೀರಿಗೆ ಹೊಡೀತಾಳೆ ಎಂದು ಆಡಿಕೊಂಡರು. ಸರೋಜ ಒಂದು ದಿನ ಬೇಲಿಯಾಚೆ ನಿಂತು ನೋಡಿ, ಮುಖಕ್ಕೆ ಸೆರಗು ಒತ್ತಿಕೊಂಡು ಹೋದಳು. ಮೊದಲು ಒಂದು ಮಾರು ಇದ್ದದ್ದು ಮೂರು ಮಾರಾಯಿತು. ಆಮೇಲೆ ನಡುಕೆರೆಯಲ್ಲಿ ಒಂದು ಸುಳಿ ಮಾತ್ರ. ಆಮೇಲೊಂದು ಬೆಳಿಗ್ಗೆ ಎಷ್ಟು ಬಡಿದರೂ ಸುಳಿಯೂ ಏಳಲಿಲ್ಲ. ಯಲ್ಲಕ್ಕ ಗಳವನ್ನು ಪಕ್ಕಕ್ಕಿಟ್ಟು, ಸೆರಗಿನ ತೌಡನ್ನೆಲ್ಲ ಕೆರೆಗೆ ಸುರಿದು ಬಂದಳು.

ಭಾನುವಾರ ಧರ್ಮೇಶ್ ಕಾರು ಕಳಿಸಿದ. ಅವಳು ಹತ್ತಲಿಲ್ಲ, ನಡೆದೇ ಬಂದಳು. ಮೋಡ ಕವಿದಿತ್ತು. ಬಲೆಯವರು ಎರಡು ಬದಿಗೆ, ಬೋಟಿನವರು ಕಲ್ಲಿನ ಪಕ್ಕ, ಹೂವಪ್ಪ ಮೇಲಿನ ಮೆಟ್ಟಿಲಲ್ಲಿ.

"ಅಜ್ಜಿ, ಒಂದೇ ಒಂದು. ಇದೊಂದಾದ್ರೆ ನಿಮಗೆ ತೊಂದ್ರೆ ಕೊಡಲ್ಲ," ಎಂದ ಧರ್ಮೇಶ್.

"ತೊಂದ್ರೆ ಎಂತದಪ್ಪ," ಎಂದಳು ಯಲ್ಲಕ್ಕ.

ಅವಳು ಕುಕ್ಕರಗಾಲಲ್ಲಿ ಕೂತು, ಸೆರಗು ಸಿಕ್ಕಿಸಿಕೊಂಡು, ಎಂದಿಗಿಂತ ಚೆನ್ನಾಗಿ ಬಡಿದಳು. ಟಕ್ಕಟಕ್, ಟಕ್. ಸದ್ದು ನೀರ ಮೇಲೆ ಹೋಗಿ ಆಚೆ ಏರಿಗೆ ತಾಗಿ ತಿರುಗಿ ಬಂತು. ನೀರು ಕಲ್ಲಿನಂತೆ ನಿಂತಿತ್ತು. ಬಲೆಯವರ ಕೈ ಸೋತಿತು. ಬೋಟಿನವರು ಫೋನು ನೋಡತೊಡಗಿದರು.

"ಚಿಕ್ಕಪ್ಪ, ನೀವು ಬಡೀರಿ ನೋಡಾಣ."

ಹೂವಪ್ಪ ಇಳಿದು ಬಂದು ಗೆರಟೆ ತೆಗೆದುಕೊಂಡ. ಅವನು ಬಡಿದ. ಯಲ್ಲಕ್ಕ ಕಲಿಸಿಕೊಟ್ಟ ಹಾಗೆಯೇ, ಒಂದು ಏಟೂ ತಪ್ಪದೆ. ಯಾರೂ ಬರಲಿಲ್ಲ.

"ಸತ್ತಿರಬೇಕು ಬಿಡಿ. ಕೋಳಿ ತರಿಸ್ರೋ," ಎಂದು ಧರ್ಮೇಶ್ ಜನರನ್ನು ಕರೆದುಕೊಂಡು ಶೆಡ್ಡಿನ ಕಡೆ ಹೋದ.

ಹೂವಪ್ಪ ಗೆರಟೆ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ. "ಏನು ಮಾಡಿದೆ ಯಲ್ಲಕ್ಕ?"

"ನೀನು ಮಾಡಿದ್ದೇ ಮಾಡಿದೆ ಮಾರಾಯ. ಕರೆದು ಹೊಡೆದೆ."

ಹನಿ ಶುರುವಾಯಿತು. ಕೆರೆಯ ಮೇಲೆಲ್ಲ ಸಣ್ಣ ಸಣ್ಣ ಉಂಗುರ. ಹೂವಪ್ಪ ಎದ್ದ. ಪ್ರತಿ ವರ್ಷ ಈ ಹನಿಗೆ ಮಾಡುವ ಹಾಗೆ, ಯಾರೂ ಹೇಳದೆ, ಕೋಡಿಯ ಪಕ್ಕ ಒರಗಿಸಿಟ್ಟಿದ್ದ ಬಿದಿರ ತಡಿಕೆಯನ್ನು ಎತ್ತಿಕೊಂಡು ಬಂದ.

"ಹಿಡ್ಕೊಳ್ತೀಯಾ? ಕಟ್ಟಿಬಿಡಾಣ."

ಯಲ್ಲಕ್ಕ ತಡಿಕೆಯನ್ನು ಅವನ ಕೈಯಿಂದ ತೆಗೆದುಕೊಂಡಳು. ಕೋಡಿಯ ಕಡೆ ಹೋಗಲಿಲ್ಲ. ಸೆರಗು ಮಡಚಿ ಸಿಂಬಿ ಮಾಡಿ, ತಡಿಕೆಯನ್ನು ತಲೆಯ ಮೇಲಿಟ್ಟುಕೊಂಡಳು.

"ಎಲ್ಲಿಗೆ ಒಯ್ತೀಯ?"

"ಬಚ್ಚಲ ಒಲೆಗೆ."

"ಕೆರೆ ತುಂಬಿದ್ರೆ ಅದು ಹಿನ್ನೀರಿಗೆ ಹೋಗಿಬಿಡ್ತದಲ್ಲೇ!"

ಅವಳು ಹೆಸರು ಕೆತ್ತಿದ ಕಲ್ಲನ್ನು ದಾಟಿ, ಹಸಿರು ಗೇಟು ದಾಟಿ, ಏರುದಾರಿ ಹಿಡಿದಳು. ಮಳೆ ಬಲವಾಯಿತು. ದಾರಿಯ ಪಕ್ಕ ಮರದಡಿ ನಿಂತಿದ್ದ ಯಾರೋ, "ಇಳಿಸಿ ಸ್ವಲ್ಪ ನಿಲ್ಲು ಯಲ್ಲಕ್ಕ, ನೆನೀತೀಯ," ಎಂದು ಕರೆದರು. ಅವಳು ಇಳಿಸಲಿಲ್ಲ. ತಲೆಯ ಮೇಲೆ ಮರಿ ಹೊತ್ತ ದಿನಗಳ ಹಾಗೆಯೇ, ಕುಲುಕುವ ಹೆಜ್ಜೆ ಹಾಕುತ್ತಾ ನಡೆದೇ ಹೋದಳು.